ಎರಡೂ ಕಾಲಿಲ್ಲದವನು ಫೈಟರ್ ವಿಮಾನ ಹಾರಿಸಿದ್ದು ನಿಜಾನಾ? ಅಪ್ಪ ಹೇಳ್ತಿದ್ದಾರೆ

ಹಡಪ್ಸರ್ ಹುಡುಗಿ:

ನಮಸ್ಕಾರ. ಪುಣೆಯ ಕನ್ನಡದವರಲ್ಲಿ ಏರ್‌ಫೋರ್ಸಿನಿಂದ ರಿಟೈರ್ ಆದವರು ಇಲ್ಲಿ ಕೆಲವರಿದ್ದೀರಿ ಅಂತ ಗೊತ್ತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಅಪ್ಪನಿಗೆ ಈಗ 68. ಊರು ಧಾರವಾಡ. ಭೋಸರಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು ದುಡಿದವರು. ಶುಗರ್ ಇತ್ತು. ಎಡಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಆದ ಗಾಯ ಮಾಯಲೇ ಇಲ್ಲ. ಗ್ಯಾಂಗ್ರೀನ್ ಆಗಿ ಕಳೆದ ಶ್ರಾವಣದಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಕೃತಕ ಕಾಲು ಬಂದು ಎರಡು ತಿಂಗಳಾಯಿತು. ಮೊದಲು ಬಿಗಿ ಅಂತಿದ್ದರು, ಈಗ ಸಡಿಲ ಅಂತಾರೆ. ಹಾಕಿಕೊಂಡರೆ ನೋವು. ದಿನದ ಬಹುಪಾಲು ಅದು ಬಾಗಿಲ ಹಿಂದೆ ಛತ್ರಿಯ ಪಕ್ಕ ನಿಂತಿರುತ್ತದೆ.

ಹೋದ ಭಾನುವಾರ ನನ್ನ ಮಗ "ಅಜ್ಜಾ, ಇನ್ಮುಂದೆ ನೀನು ಚೇತಕ್ ಸ್ಕೂಟರ್ ಓಡಿಸೋದೇ ಇಲ್ವಾ?" ಅಂತ ಕೇಳಿಬಿಟ್ಟ. ನಾಲ್ಕನೇ ಕ್ಲಾಸಿನ ಹುಡುಗ, ಅವನಿಗೇನು ಗೊತ್ತು. ನಾನು ಅಡುಗೆಮನೆಯಲ್ಲಿ ಲಟ್ಟಣಿಗೆ ಹಿಡಿದವಳು ಹಾಗೇ ನಿಂತೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಕಥೆ ಶುರು ಮಾಡಿದರು. ರಷ್ಯಾದ ಒಬ್ಬ ಪೈಲಟ್ ಅಂತೆ. ಯುದ್ಧದಲ್ಲಿ ವಿಮಾನ ಕಾಡಿನಲ್ಲಿ ಬಿತ್ತಂತೆ. ಹದಿನೆಂಟು ದಿನ ಹಿಮದಲ್ಲಿ ತೆವಳಿದನಂತೆ, ಇರುವೆ ತಿಂದನಂತೆ. ಎರಡೂ ಕಾಲು ಕತ್ತರಿಸಿದ ಮೇಲೂ ಮತ್ತೆ ಫೈಟರ್ ಹಾರಿಸಿ ಶತ್ರು ವಿಮಾನ ಹೊಡೆದನಂತೆ. ಧಾರವಾಡದಲ್ಲಿ ಓದುವಾಗ ರಷ್ಯಾದ ಪುಸ್ತಕದ ವ್ಯಾನ್ ಬರುತ್ತಿತ್ತು, ಅದರಲ್ಲಿ ಕೊಂಡು ಓದಿದ್ದು ಅಂತಾರೆ.

ನಮ್ಮ ಯಜಮಾನರು "ಅದೆಲ್ಲ ಆಗಿನ ಪ್ರಚಾರ, ಯಾರೋ ಬರೆದದ್ದು" ಅಂದರು. ಅಪ್ಪ ಜಗಳ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

ಹಾಗಾಗಿ ಕೇಳುತ್ತಿದ್ದೇನೆ. ಅಂಥ ಮನುಷ್ಯ ನಿಜವಾಗಿ ಇದ್ದನಾ? ಪಾದವೇ ಇಲ್ಲದೆ ವಿಮಾನ ಹಾರಿಸುವುದು ಹೇಗೆ? ಯಾರಾದರೂ ಸರಿಯಾಗಿ ಗೊತ್ತಿದ್ದವರು ಹೇಳಿ. ಅಪ್ಪನಿಗೆ ಓದಿ ಹೇಳಬೇಕು.

ಕ್ಯಾಂಪ್ ಪುಸ್ತಕಹುಳು:

ಇದ್ದ. ನಿಮ್ಮ ಯಜಮಾನರಿಗೆ ಮೊದಲು ಇದನ್ನು ಓದಿ ಹೇಳಿ.

ಹೆಸರು ಅಲೆಕ್ಸೇಯ್ ಮರೇಸ್ಯೆವ್. 1916ರಲ್ಲಿ ವೋಲ್ಗಾ ದಡದ ಕಮೀಶಿನ್ ಊರಲ್ಲಿ ಹುಟ್ಟಿದ. 1942ರ ಏಪ್ರಿಲ್‌ನಲ್ಲಿ ಡೆಮ್ಯಾನ್ಸ್ಕ್ ಭಾಗದ ಹೋರಾಟದಲ್ಲಿ ಅವನ ಯಾಕ್-1 ವಿಮಾನಕ್ಕೆ ಏಟು ಬಿತ್ತು. ಕಾಡಿನಲ್ಲಿ ಬಿದ್ದ, 18 ದಿನ ತೆವಳಿದ. ವಾಲ್ದಾಯ್ ಕಡೆಯ ಪ್ಲಾವ್ ಅನ್ನುವ ಹಳ್ಳಿಯ ಹುಡುಗರ ಕಣ್ಣಿಗೆ ಬಿದ್ದ. ಮಾಸ್ಕೋ ಆಸ್ಪತ್ರೆಯಲ್ಲಿ ಎರಡೂ ಕಾಲು ತೆಗೆದರು. ಕಾರಣ ನಿಮ್ಮ ಅಪ್ಪನದೇ, ಗ್ಯಾಂಗ್ರೀನ್. 1943ರ ಜೂನ್‌ನಲ್ಲಿ ಮತ್ತೆ ಯುದ್ಧರಂಗಕ್ಕೆ ಬಂದ, ಈ ಸಲ ಲಾ-5 ವಿಮಾನದಲ್ಲಿ. ಕಾಲು ಹೋದ ಮೇಲೆ ಹೊಡೆದುರುಳಿಸಿದ್ದು 7 ವಿಮಾನ. 1943ರ ಆಗಸ್ಟ್ 24ಕ್ಕೆ ಸೋವಿಯತ್ ಒಕ್ಕೂಟದ ವೀರ ಅನ್ನುವ ಬಿರುದು ಕೊಟ್ಟರು.

ಪ್ರಚಾರಕ್ಕೆ ಬಳಸಿಕೊಂಡರು, ಅದು ಸತ್ಯ. ಕಾದಂಬರಿ ಬಂತು, ಅದರಲ್ಲಿ ನಾಯಕನ ಹೆಸರಿನ ಒಂದಕ್ಷರ ಬದಲಾಯಿಸಿದ್ದಾರೆ, ಅಷ್ಟೇ. ಆದರೆ ಅವನು 2001ರ ತನಕ ಬದುಕಿದ್ದ. ಬರೀ ಕಥೆಯಾಗಿದ್ದರೆ ಯಾರಾದರೂ ಬಯಲು ಮಾಡದೆ ಬಿಡುತ್ತಿದ್ದರಾ?

ಅಂದಹಾಗೆ ಅವನೇ ಮೊದಲಿಗನಲ್ಲ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೆವೆರ್ಸ್ಕಿ ಅನ್ನುವ ರಷ್ಯನ್ ನೌಕಾದಳದ ಪೈಲಟ್ ಒಂದು ಕಾಲು ಕಳೆದುಕೊಂಡು, ಮರದ ಕಾಲಿನಲ್ಲೇ ಮತ್ತೆ ಹಾರಿದ್ದ. ಆಮೇಲೆ ಅಮೆರಿಕಕ್ಕೆ ಹೋಗಿ ವಿಮಾನದ ಕಂಪನಿಯನ್ನೇ ತೆರೆದ. ಅದು ಬೇರೆ ಕಥೆ, ಬಿಡಿ.

ಲೋಹಗಾಂವ್ ಫಿಟ್ಟರ್:

ಹಾರಿಸುವುದು ಹೇಗೆ ಅಂತ ಕೇಳಿದ್ದೀರಲ್ಲ, ಅದು ನನ್ನ ಪಾಲು. ನಾನು ಪೈಲಟ್ ಅಲ್ಲ. ಏರ್‌ಫೋರ್ಸಿನಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವನು. ಮಿಗ್-21ರ ಹೊಟ್ಟೆಯೊಳಗೆ ಅರ್ಧ ಆಯುಷ್ಯ ಕಳೆದೆ. 1987ರಲ್ಲಿ ಮಿಗ್-29 ದೇಶಕ್ಕೆ ಬಂದಾಗ ಮೊದಲು ನೆಲೆ ಕಂಡದ್ದು ನಮ್ಮ ಲೋಹಗಾಂವ್‌ನಲ್ಲೇ. ಈಗ ಧಾನೋರಿಯಲ್ಲಿ ಮನೆ. ಸುಖೋಯ್ ಹೊರಟರೆ ಕಿಟಕಿ ಗಡಗಡ ಅನ್ನುತ್ತದೆ. ಹೆಂಡತಿ ಬೈತಾಳೆ, ನನಗೆ ಖುಷಿ.

ವಿಮಾನದಲ್ಲಿ ಕಾಲಿಗೆ ಇರುವ ಕೆಲಸ ಮುಖ್ಯವಾಗಿ ಒಂದು. ಎರಡು ಪೆಡಲ್ ಇರುತ್ತವೆ. ಅವು ಬಾಲದ ಮೇಲಿನ ರಡ್ಡರ್ ಅನ್ನುವ ಹಲಗೆಯನ್ನು ತಿರುಗಿಸುತ್ತವೆ. ಎಡ ಒತ್ತಿದರೆ ಮೂತಿ ಎಡಕ್ಕೆ, ಬಲ ಒತ್ತಿದರೆ ಬಲಕ್ಕೆ. ಕಾರಿನ ಕ್ಲಚ್ ತರ ಬೆರಳ ತುದಿಯಲ್ಲಿ ನಾಜೂಕು ಮಾಡಬೇಕಾದ್ದಲ್ಲ, ಇಡೀ ಕಾಲಿನಿಂದ ತಳ್ಳುವುದು. ತಳ್ಳುವ ಶಕ್ತಿ ತೊಡೆಯಿಂದ, ಮೊಣಕಾಲಿನಿಂದ ಬರುತ್ತದೆ. ಪಾದ ಜಾರದಂತೆ ರಷ್ಯನ್ ಪೆಡಲ್‌ಗಳಿಗೆ ಒಂದು ಪಟ್ಟಿಯೂ ಇರುತ್ತದೆ.

ಇನ್ನು ಬ್ರೇಕ್. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಅಮೆರಿಕದ ವಿಮಾನಗಳಲ್ಲಿ ಬ್ರೇಕ್ ಇರುವುದು ಪೆಡಲ್‌ನ ಮೇಲ್ತುದಿಯಲ್ಲಿ. ಪಾದದ ಗಿಣ್ಣು ಬಗ್ಗಿಸಿ ಬೆರಳಿನಿಂದ ಒತ್ತಬೇಕು. ಗಿಣ್ಣೇ ಇಲ್ಲದವನಿಗೆ ಅದು ಕಷ್ಟ. ರಷ್ಯನ್ನರು ಹಾಗೆ ಮಾಡಲಿಲ್ಲ. ಕೈಯಲ್ಲಿ ಹಿಡಿಯುವ ಕೋಲಿನ ಮೇಲೇ ಒಂದು ಲಿವರ್ ಇಟ್ಟರು, ಸೈಕಲ್ ಬ್ರೇಕಿನ ತರ. ಹಿಸುಕಿದರೆ ಗಾಳಿಯ ಒತ್ತಡದಿಂದ ಚಕ್ರ ಹಿಡಿಯುತ್ತದೆ. ಪೆಡಲ್ ಯಾವ ಕಡೆ ತಳ್ಳಿದ್ದೀರೋ ಆ ಕಡೆಯ ಚಕ್ರಕ್ಕೆ ಜಾಸ್ತಿ ಹಿಡಿತ. ನಾನು ಕೈಯಾರೆ ಬಿಚ್ಚಿ ಜೋಡಿಸಿದ ಮಿಗ್-21ರಲ್ಲೂ ಇದೇ ಏರ್ಪಾಟು. ಮರೇಸ್ಯೆವ್‌ಗೋಸ್ಕರ ಮಾಡಿದ್ದೇನಲ್ಲ, ಅವರ ರೂಢಿಯೇ ಅದು. ಆದರೆ ಅವನಿಗೆ ಒದಗಿ ಬಂತು, ಅಲ್ವಾ?

ಇಷ್ಟಕ್ಕೇ ಸುಲಭ ಅನ್ನಬೇಡಿ. ಲಾ-5ರ ಮೂತಿಯಲ್ಲಿ 14 ಸಿಲಿಂಡರಿನ ದೊಡ್ಡ ಎಂಜಿನ್. ಟೇಕಾಫ್‌ಗೆ ಥ್ರಾಟಲ್ ಕೊಟ್ಟ ಕೂಡಲೇ ವಿಮಾನ ಒಂದು ಕಡೆಗೆ ಎಳೆಯುತ್ತದೆ. ಹಿಂದಿನ ಚಕ್ರ ಬಾಲದಲ್ಲಿ, ಮೂತಿ ಆಕಾಶಕ್ಕೆ, ಮುಂದೆ ಏನೂ ಕಾಣಿಸಲ್ಲ. ಆಗ ರಡ್ಡರ್ ಮೇಲೆ ಕಾಲು ನಿಲ್ಲಬೇಕು, ಎಷ್ಟು ಬೇಕೋ ಅಷ್ಟೇ. ನಮ್ಮ ಪೈಲಟ್‌ಗಳು ಬೂಟಿನ ತಳದಲ್ಲಿ ಪೆಡಲ್ ಹೇಗಿದೆ ಅಂತ ಓದುತ್ತಾರೆ. ಅವನು ಯಾವುದರಿಂದ ಓದಿದ ಅನ್ನೋದು ನನಗೆ ಹೊಳೆಯಲ್ಲ. ಅದನ್ನು ಕಾಲಿನ ಕೆಲಸದವರೇ ಹೇಳಬೇಕು.

ಅಪ್ಪನ ಚೇತಕ್ ವಿಷಯ. ಅದರ ಗೇರು, ಕ್ಲಚ್ಚು ಎರಡೂ ಎಡಗೈಯಲ್ಲಿ. ಹಿಂದಿನ ಬ್ರೇಕು ಬಲಗಾಲಲ್ಲಿ. ಕಿಕ್ ಕೂಡ ಬಲಕ್ಕೆ. ಅವರಿಗೆ ಹೋಗಿರುವುದು ಎಡಗಾಲು ಅಂದಿರಿ. ಓಡುವಾಗ ಎಡಗಾಲಿಗೆ ಆ ಗಾಡಿಯಲ್ಲಿ ಕೆಲಸವೇ ಇಲ್ಲ, ಸಿಗ್ನಲ್ಲಿನಲ್ಲಿ ಊರುವುದೊಂದೇ. ಆದರೆ ಮಗರಪಟ್ಟಾ ಸಿಗ್ನಲ್ಲಿನಲ್ಲಿ ಆ ಒಂದು ಕೆಲಸವೇ ದೊಡ್ಡದು. ಡಾಕ್ಟರನ್ನೂ ಆರ್‌ಟಿಓ ಕಚೇರಿಯಲ್ಲೂ ಕೇಳದೆ ಕೀಲಿ ಕೊಡಬೇಡಿ.

ವಾನವಡಿ ಕಾಲ್ಮೇಸ್ತ್ರಿ:

ಫಿಟ್ಟರ್ ಸಾಹೇಬರು ನನ್ನನ್ನೇ ಕರೆದ ಹಾಗಾಯಿತು. ನಾನು ಗದಗ ಕಡೆಯವನು. ಪುಣೆಯಲ್ಲಿ 31 ವರ್ಷ ಕೃತಕ ಕೈಕಾಲು ಮಾಡುವ ವರ್ಕ್‌ಶಾಪಿನಲ್ಲಿದ್ದೆ. ಪ್ಲಾಸ್ಟರ್ ಕಲಸಿ ಕಲಸಿ ಬೆರಳ ಗೆರೆ ಅಳಿಸಿಹೋಗಿದೆ, ರೇಷನ್ ಅಂಗಡಿಯ ಮಿಷನ್ನು ನನ್ನ ಹೆಬ್ಬೆಟ್ಟು ಒಪ್ಪೋದಿಲ್ಲ. ಈ ಊರಿಗೂ ಈ ಕೆಲಸಕ್ಕೂ ಹಳೇ ನಂಟು. ವಾನವಡಿಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್ ಶುರುವಾದದ್ದು 1944ರಲ್ಲಿ, ಅದೇ ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸಿಪಾಯಿಗಳಿಗಾಗಿ. ಮರೇಸ್ಯೆವ್ ಮತ್ತೆ ಹಾರಿದ ಮರುವರ್ಷ.

ತಂಗೀ, ಈ ಕಥೆ ಹೇಳುವವರೆಲ್ಲ ವಿಮಾನಕ್ಕೆ ಬಾಯಿ ಬಿಡುತ್ತಾರೆ. ನನಗೆ ವಿಮಾನ ಅಷ್ಟು ದೊಡ್ಡದಲ್ಲ. ಅಲ್ಲಿ ಅವನು ಕೂತಿದ್ದ. ಕೂತವನ ಸ್ಟಂಪ್ ಮೇಲೆ, ಅಂದರೆ ಕತ್ತರಿಸಿ ಉಳಿದ ಕಾಲಿನ ಮೇಲೆ, ಮೈಭಾರ ಬೀಳೋದಿಲ್ಲ. ನನ್ನ ಲೆಕ್ಕದಲ್ಲಿ ದೊಡ್ಡದು ಅದಕ್ಕೂ ಮುಂಚಿನ ಹತ್ತು ತಿಂಗಳು. 1942ರ ಏಪ್ರಿಲ್‌ನಲ್ಲಿ ಬಿದ್ದವನು 1943ರ ಫೆಬ್ರುವರಿಯಲ್ಲಿ ಚುವಾಶಿಯಾದ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ಮತ್ತೆ ವಿಮಾನ ಹತ್ತಿದ. ಆ ಹತ್ತು ತಿಂಗಳಲ್ಲಿ ಕಾಲು ಕತ್ತರಿಸಿದ ಗಾಯ ಮಾಯಬೇಕು, ಹೊಸ ಕಾಲು ಬರಬೇಕು, ಅದರ ಮೇಲೆ ನಿಲ್ಲಬೇಕು, ನಡೆಯಬೇಕು. ಒಂದು ಕಾಲು ಹೋದವನಿಗೆ ಇನ್ನೊಂದು ಕಾಲು ಗುರು. ಅದನ್ನು ನೋಡಿ ಇದು ಕಲಿಯುತ್ತದೆ. ಅವನಿಗೆ ಆ ಗುರುವೂ ಇರಲಿಲ್ಲ.

ಆಗಿನ ಕೃತಕ ಕಾಲು ಹೇಗಿರುತ್ತಿತ್ತು ಗೊತ್ತಾ? ಚರ್ಮ, ಕಟ್ಟಿಗೆ, ಎರಡು ಕಡೆ ಕಬ್ಬಿಣದ ಪಟ್ಟಿ. ತೊಡೆಗೆ ಚರ್ಮದ ಕವಚ ಹಾಕಿ ಲಾಡಿ ಬಿಗಿಯುವುದು. ನಾನು ಕೆಲಸಕ್ಕೆ ಸೇರಿದಾಗ ಅಂಥ ಹಳೇ ಕಾಲುಗಳು ರಿಪೇರಿಗೆ ಬರುತ್ತಿದ್ದವು. ಎತ್ತಿದರೆ ಒನಕೆ. ಬೆವರು ಕುಡಿದು ಕುಡಿದು ಚರ್ಮ ಹಲಗೆಯಾಗಿರುತ್ತಿತ್ತು. ಅದನ್ನು ಎರಡೂ ಕಾಲಿಗೆ ಕಟ್ಟಿಕೊಂಡು ಅವನು ಡ್ಯಾನ್ಸ್ ಕಲಿತ. ವಿಶ್ರಾಂತಿಧಾಮದಲ್ಲಿ ನರ್ಸ್‌ಗಳ ಜೊತೆ ಕುಣಿದ, ಮೆಡಿಕಲ್ ಬೋರ್ಡಿನ ಮುಂದೆಯೂ ಕುಣಿದು ತೋರಿಸಿದ ಅಂತ ಹೇಳುತ್ತಾರೆ. ಓದುವವರಿಗೆ ಇದು ತಮಾಷೆಯಾಗಿ ಕಾಣಬಹುದು. ನನಗೆ ಕಾಣಲ್ಲ. ಮುಂದೆ ನಡೆಯುವುದು ಹೇಗೋ ಬರುತ್ತದೆ. ಡ್ಯಾನ್ಸಿನಲ್ಲಿ ಹಿಂದೆ ಹೆಜ್ಜೆ ಇಡಬೇಕು, ಪಕ್ಕಕ್ಕೆ ಸರಿಯಬೇಕು, ನೆಲ ನೋಡಬಾರದು. ನೆಲ ನೋಡದೆ ಪಾದ ಎಲ್ಲಿದೆ ಅಂತ ತಿಳಿಯುವುದೇ ಕಷ್ಟದ ಕೆಲಸ.

ಫಿಟ್ಟರ್ ಸಾಹೇಬರ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಪಾದ ಹೋದ ಮೇಲೆ ನೆಲದ ಸುದ್ದಿ ಸಾಕೆಟ್‌ನ, ಅಂದರೆ ಕೃತಕ ಕಾಲಿನಲ್ಲಿ ಸ್ಟಂಪ್ ಕೂರುವ ಬಟ್ಟಲಿನ, ಗೋಡೆಯಿಂದ ಬರುತ್ತದೆ. ಪೆಡಲ್ ಒತ್ತಿದರೆ ಆ ಒತ್ತಡ ಮೀನಖಂಡದ ಹತ್ತಿರ, ಮೊಣಚಿಪ್ಪಿನ ಕೆಳಗೆ ತಟ್ಟುತ್ತದೆ. ಅದನ್ನೇ ಪಾದ ಅಂದುಕೊಳ್ಳೋಕೆ ತಲೆ ಕಲಿಯಬೇಕು. ಅವನ ಅದೃಷ್ಟ ಅಂದರೆ ಎರಡೂ ಕಡೆ ಮೊಣಕಾಲು ಉಳಿದಿತ್ತು. ನಿಮ್ಮ ಅಪ್ಪನಿಗೂ ಉಳಿದಿದೆ. ಮೊಣಕಾಲು ಉಳಿಸಿದ ಡಾಕ್ಟರಿಗೆ ಕೈ ಮುಗಿಯಿರಿ.

ನಮ್ಮಲ್ಲಿ ಒಬ್ಬ ಹುಡುಗ ಬರುತ್ತಿದ್ದ. ಸ್ವಾರಗೇಟ್ ಹತ್ತಿರದ ಒಂದು ಉಡುಪಿ ಹೋಟೆಲಿನ ಮಾಣಿ, ಕುಂದಾಪುರದ ಕಡೆಯವನು. ರೈಲಿನ ಅಪಘಾತದಲ್ಲಿ ಬಲಗಾಲು ಹೋಗಿತ್ತು. ನಾವು ಸಮಾಂತರ ಕಂಬಿ ಹಿಡಿದು ನಡಿ ಅಂದರೆ ಅವನಿಗೆ ಬೇಸರ. ಒಂದು ದಿನ ಹೋಟೆಲಿನಿಂದ ಟ್ರೇ ತಂದ. ಆರು ಸ್ಟೀಲ್ ಲೋಟ, ಅದರಲ್ಲಿ ನೀರು. ವರ್ಕ್‌ಶಾಪಿನ ಕಾರಿಡಾರಿನಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುವುದು. ಎಷ್ಟು ಚೆಲ್ಲಿತು ಅಂತ ನೋಡುವುದು. ಮೊದಲ ವಾರ ನೆಲ ಒರೆಸುವವಳು ಅವನನ್ನು ಬೈದದ್ದೇ ಬೈದದ್ದು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೀರಿನ ಬದಲು ಕಾಫಿ ತಂದ. ಒಂದು ಹನಿ ಚೆಲ್ಲಲಿಲ್ಲ. ಆರೂ ಲೋಟ ನಮಗೇ ಕುಡಿಸಿದ. ಮಾರನೇ ದಿನದಿಂದ ಬರಲಿಲ್ಲ, ಡ್ಯೂಟಿಗೆ ಹೋಗಿದ್ದ. ಮರೇಸ್ಯೆವ್‌ನ ಡ್ಯಾನ್ಸ್ ಅಂದರೆ ನನಗೆ ಆ ಟ್ರೇನೇ ನೆನಪಾಗುವುದು.

ಈಗ ಅಪ್ಪನ ಕಾಲು. ಮೊದಲು ಬಿಗಿ, ಈಗ ಸಡಿಲ ಅಂದಿರಿ. ಅದು ಕಾಲಿನ ತಪ್ಪಲ್ಲ, ಅಪ್ಪನ ತಪ್ಪೂ ಅಲ್ಲ. ಆಪರೇಷನ್ ಆದ ಮೇಲೆ ಸ್ಟಂಪ್ ಬಾತಿರುತ್ತದೆ. ತಿಂಗಳುಗಟ್ಟಲೆ ಇಳಿಯುತ್ತಾ ಹೋಗುತ್ತದೆ. ಸಾಕೆಟ್ ಇಳಿಯಲ್ಲ, ಅದು ಇದ್ದಷ್ಟೇ ಇರುತ್ತದೆ. ಹಾಗಾಗಿ ಕಾಲು ಒಳಗೆ ಜಾರಿ, ಭಾರ ಬೀಳಬೇಕಾದ ಜಾಗ ಬಿಟ್ಟು ಮೂಳೆಯ ತುದಿಯ ಮೇಲೆ ಬೀಳುತ್ತದೆ. ಅದೇ ಆ ನೋವು. ಸ್ಟಂಪ್‌ಗೆ ಹಾಕುವ ಕಾಲುಚೀಲ ಬೇರೆ ಬೇರೆ ದಪ್ಪದ್ದು ಸಿಗುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಸಡಿಲ ಅನ್ನಿಸಿದರೆ ಇನ್ನೊಂದು. ಮೂರ್ನಾಲ್ಕು ಹಾಕಿದರೂ ಸಡಿಲ ಅಂದರೆ ಸಾಕೆಟ್ ಹೊಸದು ಮಾಡಿಸಬೇಕು. ಮೊದಲ ವರ್ಷದಲ್ಲಿ ಹೀಗಾಗುವುದು ಮಾಮೂಲು. ಕೊಟ್ಟವರು ಇದನ್ನು ಮೊದಲೇ ಹೇಳಿದ್ದರೆ ಆ ಕಾಲು ಛತ್ರಿ ಪಕ್ಕಕ್ಕೆ ಹೋಗುತ್ತಿರಲಿಲ್ಲ.

ಇನ್ನೊಂದು. ಶುಗರ್ ಇದ್ದವರಿಗೆ ಗಾಯ ಆದರೂ ತಿಳಿಯಲ್ಲ. ದಿನಾ ರಾತ್ರಿ ಕಾಲು ತೆಗೆದ ಮೇಲೆ ಸ್ಟಂಪ್‌ನ ಕೆಳಭಾಗ ಕನ್ನಡಿ ಹಿಡಿದು ನೋಡಬೇಕು. ಕೆಂಪಾಗಿದ್ದು ಹತ್ತು ಹದಿನೈದು ನಿಮಿಷದಲ್ಲಿ ಹೋಗದಿದ್ದರೆ ಮಾರನೇ ದಿನ ಕಾಲು ಹಾಕಬೇಡಿ, ತೋರಿಸಿಬನ್ನಿ. ಇರುವ ಬಲಗಾಲನ್ನೂ ಹಾಗೇ ನೋಡಿ. ಅದು ಇನ್ನೂ ಮುಖ್ಯ.

ಕೋಥ್ರೂಡ್ ಕುಲಕರ್ಣಿಮಾಮ:

ಎಲ್ಲ ಸರಿ. ಆದರೆ ಇಂಗ್ಲೆಂಡಿನ ಫೈಟರ್ ಪೈಲಟ್ ಡಗ್ಲಸ್ ಬೇಡರ್ ಹೆಸರು ಯಾರೂ ಎತ್ತಲಿಲ್ಲವಲ್ಲ? 1931ರಲ್ಲೇ ಎರಡೂ ಕಾಲು ಹೋಗಿತ್ತು, ಒಂದು ಮೊಣಕಾಲಿನ ಮೇಲಕ್ಕೇ. 1941ರಲ್ಲಿ ಫ್ರಾನ್ಸ್ ಮೇಲೆ ಅವನ ವಿಮಾನ ಬಿತ್ತು. ಹಾರಿಕೊಳ್ಳೋಣ ಅಂದರೆ ಕೃತಕ ಕಾಲು ಕಾಕ್‌ಪಿಟ್ಟಿನಲ್ಲಿ ಸಿಕ್ಕಿಬಿತ್ತು. ಪಟ್ಟಿ ಹರಿದು ಕಾಲು ಅಲ್ಲೇ ಉಳಿಯಿತು, ಮನುಷ್ಯ ಪ್ಯಾರಾಚೂಟಿನಲ್ಲಿ ಇಳಿದ. ನಿಜವಾದ ಕಾಲಾಗಿದ್ದರೆ ವಿಮಾನದ ಜೊತೆಗೇ ಹೋಗುತ್ತಿದ್ದ. ಜರ್ಮನ್ನರು ಸೆರೆ ಹಿಡಿದರು. ಆಮೇಲೆ ಅವರ ಒಪ್ಪಿಗೆಯ ಮೇಲೇ ಬ್ರಿಟಿಷರು ವಿಮಾನದಿಂದ ಬೇರೆ ಕಾಲು ಕೆಳಗೆ ಹಾಕಿದರು. 1945ರ ಏಪ್ರಿಲ್ ತನಕ ಸೆರೆಯಲ್ಲೇ ಇದ್ದ, ನಡುವೆ ತಪ್ಪಿಸಿಕೊಳ್ಳುವ ಪ್ರಯತ್ನ ಬೇರೆ.

ಲೋಹಗಾಂವ್ ಫಿಟ್ಟರ್:

ಮಾಮಾ, ಬೇಡರ್ ದೊಡ್ಡವನೇ. ಅವನ ಸ್ಪಿಟ್‌ಫೈರಿನಲ್ಲೂ ಬ್ರೇಕ್ ಕೈಯಲ್ಲೇ ಇತ್ತು ನೋಡಿ. ಆದರೆ ಅವನು ಮತ್ತೆ ಯುದ್ಧದ ವಿಮಾನ ಹತ್ತಿದ್ದು ಎಂಟು ವರ್ಷದ ಮೇಲೆ. ಮರೇಸ್ಯೆವ್ ಒಂದೂಕಾಲು ವರ್ಷಕ್ಕೇ.

ವಾಪಸ್ ಬಂದವನಿಗೆ ಹಾರ ಹಾಕಿ ಕಾಯ್ದಿರಲಿಲ್ಲ ಅನ್ನೋದನ್ನೂ ಹೇಳಬೇಕು. ಕುರ್ಸ್ಕ್ ಕದನದ ಹೊತ್ತು. ಕಾಲಿಲ್ಲದವನನ್ನು ಕಳಿಸಿದರೆ ಜೊತೆಗಾರನಿಗೂ ಅಪಾಯ ಅಂತ ರೆಜಿಮೆಂಟಿನವರು ಅವನನ್ನು ಕೆಳಗೇ ಕೂರಿಸಿದ್ದರು. ಅದರಲ್ಲಿ ತಪ್ಪೇನೂ ಇಲ್ಲ, ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಫೈಟರ್‌ಗಳು ಹೋಗುವುದು ಜೋಡಿಯಾಗಿ. ಹಿಂದಿನವನು ಮುಂದಿನವನ ಬೆನ್ನು ಕಾಯಬೇಕು. ಕೊನೆಗೆ ಒಬ್ಬ ಸ್ಕ್ವಾಡ್ರನ್ ಕಮಾಂಡರ್ "ನನ್ನ ಜೊತೆ ಬಾ" ಅಂತ ಕರೆದುಕೊಂಡು ಹೋದ. ಜುಲೈ 20ರ ಒಂದು ಕಾದಾಟದಲ್ಲಿ ಜರ್ಮನ್ನರ ಎರಡು ಫೋಕೆ-ವುಲ್ಫ್ ಫೈಟರ್ ಹೊಡೆದು ತನ್ನ ಕಡೆಯ ಇಬ್ಬರು ಪೈಲಟ್‌ಗಳನ್ನು ಉಳಿಸಿದ. ಆಮೇಲೆ ಯಾರೂ ಕಾಲಿನ ಮಾತೆತ್ತಲಿಲ್ಲ.

1944ರಲ್ಲಿ ಯುದ್ಧರಂಗ ಬಿಟ್ಟು ಫ್ಲೈಯಿಂಗ್ ಕಾಲೇಜುಗಳ ಇನ್ಸ್‌ಪೆಕ್ಟರ್ ಪೈಲಟ್ ಆದ. ಯುದ್ಧ ಮುಗಿದ ಮೇಲೆ ಇತಿಹಾಸ ಓದಿ ಡಿಗ್ರಿ ತೆಗೆದುಕೊಂಡ, ಮಾಜಿ ಸೈನಿಕರ ಸಮಿತಿಯಲ್ಲಿ ದಶಕಗಟ್ಟಲೆ ಕೆಲಸ ಮಾಡಿದ. 85ನೇ ಹುಟ್ಟುಹಬ್ಬದ ಸಮಾರಂಭ ಮಾಸ್ಕೋದಲ್ಲಿ ಇಟ್ಟುಕೊಂಡಿದ್ದರು. ಶುರುವಾಗುವ ಮುಂಚೆ ಹೃದಯಾಘಾತ. ಜನ ಬಂದು ಕೂತಾಗಿತ್ತು.

ಹಡಪ್ಸರ್ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಎಲ್ಲವನ್ನೂ ಜೋರಾಗಿ ಓದಿದೆ. ಯಜಮಾನರು ಟಿವಿ ಮ್ಯೂಟ್ ಮಾಡಿ ಕೇಳಿದರು. ಕೋಲಿನ ಮೇಲಿನ ಬ್ರೇಕ್ ಭಾಗವನ್ನು ಅಪ್ಪ ಎರಡು ಸಲ ಓದಿಸಿದರು. ಲೇತ್ ಮೇಲೆ ದುಡಿದವರಲ್ವಾ, ಲಿವರ್ ಅಂದರೆ ಕಿವಿ ನಿಮಿರುತ್ತದೆ. ಚೇತಕ್‌ದು ಬಲಗಾಲ ಬ್ರೇಕು ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಅಪ್ಪನಿಗೆ ಮೊದಲೇ ಹೊಳೆದಿತ್ತಂತೆ, ಹೇಳಿರಲಿಲ್ಲ ಅಷ್ಟೇ.

ಸ್ಟಂಪ್ ಸಾಕ್ಸ್ ಇವತ್ತು ಎರಡು ದಪ್ಪದ್ದು ತಂದೆ. ಒಂದರ ಮೇಲೊಂದು ಹಾಕಿ ಅಪ್ಪ ಗ್ಯಾಲರಿ ತನಕ ಹೋಗಿ ಬಂದರು. ನೋವು ಇದೆ, ಕಮ್ಮಿ ಅಂತಾರೆ. ಸೋಮವಾರ ಸಾಕೆಟ್ ತೋರಿಸಲು ಹೋಗುತ್ತೇವೆ.

ಅಪ್ಪನದು ಒಂದು ಪ್ರಶ್ನೆ, ಮೇಸ್ತ್ರಿಯವರಿಗೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವಂತೆ, ನಗುತ್ತೇವೆ ಅಂತ. ಇಲ್ಲದ ಕಾಲಿನ ಹೆಬ್ಬೆರಳು ರಾತ್ರಿ ಎರಡು ಗಂಟೆಗೆ ಕಡಿಯುತ್ತದಂತೆ, ಅದೇ ಗಾಯ ಆಗಿದ್ದ ಬೆರಳು. "ಆ ರಷ್ಯಾದವನಿಗೂ ಕಡೀತಿತ್ತೇನು ಕೇಳು" ಅಂದರು.

ವಾನವಡಿ ಕಾಲ್ಮೇಸ್ತ್ರಿ:

ಕೈಕಾಲು ತೆಗೆಸಿಕೊಂಡವರಲ್ಲಿ ಬಹಳ ಮಂದಿಗೆ ಹೀಗೆ ಆಗುತ್ತದೆ. ತಲೆಯೊಳಗೆ ಆ ಬೆರಳಿನ ಜಾಗ ಇನ್ನೂ ಖಾಲಿಯಾಗಿರಲ್ಲ. ನಗುವ ವಿಷಯವೇ ಅಲ್ಲ, ಮುಂದಿನ ಸಲ ಡಾಕ್ಟರಿಗೂ ಹೇಳಲಿ.

ಒಂದು ಉದ್ದನೆಯ ಕನ್ನಡಿ ತನ್ನಿ, ಹಳೇ ಅಲ್ಮೇರಾದ್ದಾದರೂ ನಡೆಯುತ್ತದೆ. ಅಪ್ಪ ಕಾಲು ಚಾಚಿ ಕೂರಲಿ. ಎರಡು ಕಾಲಿನ ನಡುವೆ ಕನ್ನಡಿ ನಿಲ್ಲಿಸಿ, ಮುಖ ಬಲಗಾಲಿನ ಕಡೆಗೆ. ಬಗ್ಗಿ ನೋಡಿದರೆ ಎಡಗಾಲೂ ಇದ್ದ ಹಾಗೆ ಕಾಣುತ್ತದೆ. ಆಗ ಬಲ ಹೆಬ್ಬೆರಳು ಮೆಲ್ಲಗೆ ಕೆರೆದುಕೊಳ್ಳಲಿ, ಉಗುರು ತಾಗಿಸದೆ. ಕಣ್ಣು ಕನ್ನಡಿ ಮೇಲೇ ಇರಲಿ. ಕೆಲವರಿಗೆ ಕಡಿತ ನಿಲ್ಲುತ್ತದೆ, ಕೆಲವರಿಗೆ ಇಲ್ಲ. ದಿನಾ ಹತ್ತು ನಿಮಿಷ ಮಾಡಿ ನೋಡಿ. ರಷ್ಯಾದವನಿಗೆ ಕಡೀತಿತ್ತೋ ಏನೋ, ಕಡಿದಿದ್ದರೂ ಈ ಉಪಾಯ ನಡೆಯುತ್ತಿರಲಿಲ್ಲ. ಕನ್ನಡಿಗೆ ತೋರಿಸೋಕೆ ಒಂದು ಕಾಲಾದರೂ ಬೇಕಲ್ಲ.

ಹಡಪ್ಸರ್ ಹುಡುಗಿ:

ಅಲ್ಮೇರಾದ ಬಾಗಿಲು ಬಿಚ್ಚೋಕೆ ಅಪ್ಪನೇ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾರೆ. ನನ್ನ ಮಗ ಟಾರ್ಚ್ ಹಿಡಿದಿದ್ದಾನೆ. ಕಾಲು ಹಾಕಿಕೊಂಡೇ ಕೂತಿದ್ದಾರೆ, ನಾನೇನೂ ಹೇಳಿರಲಿಲ್ಲ.